ಬೋಟ್ ಮಗುಚಿ ಬದುಕಿ ಬಂದ ಖಲಾಸಿಯನ್ನು ಮತ್ತೆ ಬಂದರಿನ ಧಕ್ಕೆಗೆ ಕರೆತರುವುದು ಹೇಗೆ?

ಧಕ್ಕೆಲೆಕ್ಕ · ಮೇ 14

ಮೀನುಗಾರರ ಸೊಸೈಟಿಯ ಲೆಕ್ಕ ಬರೆಯುವವ ನಾನು, ಡಾಕ್ಟರಲ್ಲ. ಪ್ರಶ್ನೆಯೇ ತಪ್ಪಿದ್ದರೆ ತಿದ್ದಿ.

ಕಾರವಾರದ ಗಿಲ್‌ನೆಟ್ ಬೋಟೊಂದು ಫೆಬ್ರುವರಿ ಕೊನೆಗೆ, ರಾತ್ರಿ ಬಲೆ ಎಳೆಯುವಾಗ ಒಂದೇ ಮಗ್ಗುಲಿಗೆ ಭಾರ ಬಿದ್ದು ಮಗುಚಿತು. ಐವರಲ್ಲಿ ನಾಲ್ವರು ಉಳಿದರು. ನಾನು ಕೇಳುತ್ತಿರುವುದು ಅವರಲ್ಲಿ ಒಬ್ಬ ಖಲಾಸಿಯ ಬಗ್ಗೆ, ವಯಸ್ಸು 31. ಮೂರು ತಾಸು ನೀರಲ್ಲಿದ್ದ. ಮೈಮೇಲಿನ ಗಾಯ ಎಲ್ಲ ಮಾಗಿದೆ. ಆದರೆ 11 ವಾರ ಆಯ್ತು, ರಾತ್ರಿ ಎರಡು ಮೂರರ ಹೊತ್ತಿಗೆ ಕಿರುಚಿ ಏಳುತ್ತಾನೆ, ಅಂಗಿ ಹಿಂಡಿದರೆ ಬೆವರು. ಮೋಡ ಕಟ್ಟಿದರೆ ಬಾಗಿಲು ಹಾಕಿ ಕೂರುತ್ತಾನೆ. ಮೀನು ಸಾರು ಮುಟ್ಟುವುದಿಲ್ಲ. ತೀರಿಕೊಂಡವನ ಮನೆ ನಾಲ್ಕು ಮನೆ ಆಚೆ. ಆ ಓಣಿ ಬಿಟ್ಟು ಸುತ್ತಿಬಳಸಿ ಹೋಗುತ್ತಿದ್ದ. ಮೊದಲು ಹಬ್ಬಕ್ಕೆ ಮಾತ್ರ ಇದ್ದ ಕುಡಿತ ಈಗ ಪ್ರತಿ ಸಂಜೆ.

ಇಲ್ಲಿವರೆಗೆ ಮಾಡಿದ್ದು: ನೋಟ ನೋಡಿಸಿ ತಾಯಿತ ಕಟ್ಟಿಸಿದ್ದಾರೆ. ಪರಿಚಯದ ಔಷಧದಂಗಡಿಯಿಂದ ನಿದ್ದೆ ಮಾತ್ರೆ ತಂದಿದ್ದಾರೆ, ಅರ್ಧ ಮಿಲಿಗ್ರಾಂ ಅಲ್‌ಪ್ರಜೋಲಾಮ್, ಆರೇಳು ವಾರದಿಂದ ದಿನಾ ರಾತ್ರಿ ಒಂದು. ಕಳೆದ ತಿಂಗಳು ಜೊತೆಯವರು "ಒಂದ್ ಸಲ ಬಂದ್ರೆ ಎಲ್ಲ ಸರಿಯಾಗ್ತದೆ ಮಾರಾಯ" ಅಂತ ಬೈಕ್ ಹತ್ತಿಸಿ ಬೈತಖೋಲ್ ಮೀನುಗಾರಿಕೆ ಬಂದರಿಗೆ ತಂದರು. ಮೀನು ಇಳಿಸುವ ಜಾಗದಲ್ಲಿ ಹತ್ತು ನಿಮಿಷ ನಿಂತವ ಬೆರಳು ಸೆಟೆದು ಕುಸಿದು ಕೂತ. ಆವತ್ತಿಂದ ಮನೆಯ ಗೇಟೂ ದಾಟಿಲ್ಲ.

ಜೂನ್ 1ರಿಂದ ಜುಲೈ 31, ಮಳೆಗಾಲದ ಮೀನುಗಾರಿಕೆ ನಿಷೇಧದ 61 ದಿನ ಮುಂದಿದೆ. ಮುಂಗಡ ಬಾಕಿ ಇರುವುದರಿಂದ ಆಗಸ್ಟ್ 1ಕ್ಕೆ ಬೋಟ್ ಹತ್ತಲೇಬೇಕು ಅನ್ನುವುದು ಮಾಲಕರ ಮಾತು. ಇದು ಕಾಯಿಲೆಯೋ ಬರೀ ಹೆದರಿಕೆಯೋ? ಆ ಮಾತ್ರೆ ಮುಂದುವರಿಸಬಹುದೋ? ಈ 61 ದಿನದಲ್ಲಿ ನಾವು ಧಕ್ಕೆಯ ಮಂದಿ ಎಂತ ಮಾಡಬಹುದು, ಎಂತ ಮಾಡಬಾರದು?

---

ಕಾಳಿತೀರ_ಶುಶ್ರೂಷೆ · ಮೇ 14

ಮೊದಲನೆಯ ಪ್ರಶ್ನೆಗೆ ಕ್ಯಾಲೆಂಡರೇ ಅರ್ಧ ಉತ್ತರ ಕೊಡುತ್ತದೆ. ಇಂಥ ಘಟನೆಯ ನಂತರ ಎರಡು ಮೂರು ವಾರ ಬೆಚ್ಚಿ ಬೀಳುವುದು, ಕೆಟ್ಟ ಕನಸು, ಊಟ ಸೇರದಿರುವುದು ಬಹುಪಾಲು ಎಲ್ಲರಿಗೂ ಆಗುತ್ತದೆ, ಹೆಚ್ಚಿನವರಿಗೆ ತಾನಾಗಿಯೇ ಇಳಿಯುತ್ತದೆ. ಅದು ಕಾಯಿಲೆ ಅಲ್ಲ. ಒಂದು ತಿಂಗಳು ದಾಟಿಯೂ ಇಳಿಯದೆ, ದುಡಿಮೆ ಮತ್ತು ಮನೆ ಎರಡನ್ನೂ ಕೆಡಿಸುತ್ತಿದ್ದರೆ ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ ಇದೆಯಾ ಎಂದು ನೋಡಿಸಬೇಕು. ಹನ್ನೊಂದು ವಾರ ಅಂದರೆ ಕಾಯುವ ಕಾಲ ಮುಗಿದಿದೆ.

ಮನೆಯಲ್ಲೇ ಕೇಳಬಹುದಾದ ಐದು ಪ್ರಶ್ನೆಗಳಿವೆ, ಆಸ್ಪತ್ರೆಗಳಲ್ಲೂ ಮೊದಲ ಜರಡಿ ಇದೇ. ಕಳೆದ ಒಂದು ತಿಂಗಳಲ್ಲಿ: ಬೇಡ ಅಂದರೂ ಆ ಘಟನೆ ಕನಸಲ್ಲೋ ನೆನಪಲ್ಲೋ ನುಗ್ಗಿತೇ? ಅದನ್ನು ನೆನಪಿಸುವ ಜಾಗ, ಜನ, ಮಾತು ತಪ್ಪಿಸಲು ಒದ್ದಾಡಿದೆಯಾ? ಸದಾ ಕಾವಲಲ್ಲಿದ್ದ ಹಾಗೆ, ಸಣ್ಣ ಸದ್ದಿಗೂ ಬೆಚ್ಚುವ ಹಾಗೆ ಇತ್ತೇ? ಜನರಿಂದ, ಕೆಲಸದಿಂದ ಮನಸ್ಸು ಮರಗಟ್ಟಿ ದೂರವಾಯಿತೇ? ಆದದ್ದಕ್ಕೆ ನಿನ್ನನ್ನೋ ಬೇರೆಯವರನ್ನೋ ದೂರುವುದು ನಿಲ್ಲುತ್ತಿಲ್ಲವೇ? ಹೌದು ಎಂಬ ಉತ್ತರ ಮೂರು ನಾಲ್ಕಾದರೆ ಮನೋವೈದ್ಯರ ಹತ್ತಿರ ಹೋಗಲೇಬೇಕು. ನೀವು ಬರೆದದ್ದರಲ್ಲೇ ಮೂರು ಕಾಣುತ್ತಿವೆ, ಇನ್ನೆರಡು ಅವನನ್ನೇ ಕೇಳಬೇಕು. ಈ ಐದು ಜರಡಿ ಮಾತ್ರ, ಇದೇ ಕಾಯಿಲೆ ಎಂದು ಹೇಳುವುದು ವೈದ್ಯರ ಕೆಲಸ.

ಜೊತೆಗೆ ಇನ್ನೂ ಎರಡು ವಿಚಾರಿಸಿ. ಮಗುಚುವಾಗ ತಲೆಗೆ ಪೆಟ್ಟು ಬಿದ್ದಿತ್ತಾ? ತಲೆಪೆಟ್ಟಿನ ನಂತರದ ತಲೆನೋವು, ಮರೆವು, ಸಿಡುಕು ಇವನ್ನೆಲ್ಲ ಹೆದರಿಕೆಯ ಲೆಕ್ಕಕ್ಕೆ ಹಾಕಿ ಕೈತೊಳೆದುಕೊಳ್ಳುವುದು ಆಗಾಗ ಆಗುವ ತಪ್ಪು. ಎರಡನೆಯದು, ಸಾಯುವ ಯೋಚನೆ ಬರುತ್ತದಾ ಎಂದು ನೇರವಾಗಿ ಕೇಳಿ. ಕೇಳಿದರೆ ತಲೆಗೆ ಹಾಕಿದಂತಾಗುತ್ತದೆ ಎನ್ನುವುದು ತಪ್ಪು ನಂಬಿಕೆ. ಯಾರಾದರೂ ಕೇಳಿದರಲ್ಲ ಎಂದು ಹೆಚ್ಚಿನವರಿಗೆ ಹಗುರವೇ ಆಗುತ್ತದೆ. "ನಾನೇ ಹೋಗಬೇಕಿತ್ತು" ಎಂಬಂಥ ಮಾತು ಬಂದರೆ ಅವನನ್ನು ಒಬ್ಬನೇ ಬಿಡಬೇಡಿ, ಅದೇ ದಿನ ತೋರಿಸಿ.

ಎಲ್ಲಿಗೆ ಹೋಗುವುದು: ಕಾರವಾರದಲ್ಲೇ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ, ಅಂದರೆ ಕ್ರಿಮ್ಸ್, ಅದರ ಮನೋವೈದ್ಯ ವಿಭಾಗ. ತಾಲೂಕಿನವರಿಗೆ ಸರಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದ ಮಾನಸಿಕ ಆರೋಗ್ಯ ಶಿಬಿರ ಇರುತ್ತದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎನ್ನುವುದನ್ನು ಆಶಾ ಕಾರ್ಯಕರ್ತೆಯನ್ನು ಕೇಳಿ. ಗೇಟು ದಾಟದವನಿಗೆ ಮೊದಲ ಮೆಟ್ಟಿಲು ಫೋನು: ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಹಗಲು ರಾತ್ರಿ ಉಚಿತ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್.

ತಾಯಿತಕ್ಕೆ ನನ್ನ ತಕರಾರಿಲ್ಲ, ಇರಲಿ. ಆದರೆ "ಸತ್ತವ ಹಿಡಿದಿದ್ದಾನೆ" ಎಂದು ಯಾರಾದರೂ ಹೇಳಿದ್ದರೆ ಆ ಮಾತು ಕೆಲಸ ಕೆಡಿಸುತ್ತದೆ. ಉಳಿದವನಿಗೆ ಮೊದಲೇ ಇರುವ ತಪ್ಪಿನ ಭಾರಕ್ಕೆ ಅದು ಮುದ್ರೆ ಒತ್ತಿದ ಹಾಗೆ.

---

ಮಾತ್ರೆಪೆಟ್ಟಿಗೆ · ಮೇ 15

ಮಾತ್ರೆಯ ಬಗ್ಗೆ. ಅಲ್‌ಪ್ರಜೋಲಾಮ್, ಲೋರಾಜೆಪಾಮ್, ಕ್ಲೋನಾಜೆಪಾಮ್, ಡಯಾಜೆಪಾಮ್ ಎಲ್ಲ ಒಂದೇ ಕುಲ. ಆಘಾತದ ಮೊದಲ ತಿಂಗಳ ಲಕ್ಷಣಗಳಿಗೆ ಇವನ್ನು ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಕಾರಣ ಇಷ್ಟೇ: ಹೆದರಿಕೆ ಇಳಿಯಬೇಕಾದರೆ ಮೆದುಳು "ಬಂದರಿಗೆ ಬಂದೆ, ಏನೂ ಆಗಲಿಲ್ಲ" ಎಂಬ ಹೊಸ ಪಾಠ ಕಲಿಯಬೇಕು. ಈ ಮಾತ್ರೆ ಆ ಕಲಿಕೆಯನ್ನೇ ಮಬ್ಬು ಮಾಡುತ್ತದೆ. ಜೊತೆಗೆ ಸಂಜೆಯ ಕುಡಿತ ಸೇರಿದರೆ ಉಸಿರಾಟಕ್ಕೇ ಅಪಾಯ. ನಾಳೆ ಬೋಟ್ ಹತ್ತಿದಾಗ ಕಾಲು ತಡವರಿಸುವುದು ಬೇರೆ.

ಹಾಗಂತ ನಾಳೆಯೇ ಡಬ್ಬ ಕಸಿದು ಬಿಸಾಡಬೇಡಿ! ಆರೇಳು ವಾರ ದಿನಾ ತಿಂದವರಿಗೆ ಒಮ್ಮೆಲೇ ನಿಲ್ಲಿಸಿದರೆ ನಿದ್ದೆ ಪೂರ್ತಿ ಹೋಗುತ್ತದೆ, ಕೈ ನಡುಗುತ್ತದೆ, ಕೆಲವರಿಗೆ ಫಿಟ್ಸೂ ಬರಬಹುದು. ಆಮೇಲೆ "ನೋಡಿ, ಮಾತ್ರೆ ಇಲ್ಲದೆ ಆಗೋದೇ ಇಲ್ಲ" ಎಂಬ ತೀರ್ಮಾನ. ಸ್ವಲ್ಪ ಸ್ವಲ್ಪವೇ ವಾರಗಟ್ಟಲೆ ಇಳಿಸಬೇಕು, ವೈದ್ಯರು ಬರೆದುಕೊಟ್ಟ ಪ್ರಮಾಣದಲ್ಲಿ. ಕುಡಿತಕ್ಕೂ ಇದೇ ಮಾತು. ಬೆಳಗ್ಗೆ ಎದ್ದಾಗ ಕೈ ನಡುಗುತ್ತದೆ, ಒಂದು ಗುಟುಕು ಹಾಕಿದರೆ ನಿಲ್ಲುತ್ತದೆ ಎನ್ನುವ ಹಂತ ಮುಟ್ಟಿದ್ದರೆ ಮನೆಯಲ್ಲಿ ಬಿಡಿಸುವ ಸಾಹಸ ಬೇಡ, ಆಸ್ಪತ್ರೆಯಲ್ಲೇ ಆಗಬೇಕು.

ಕುಡಿದರೆ ನಿದ್ದೆ ಬರುತ್ತದೆ ಎನ್ನುವುದು ಅರ್ಧ ಸತ್ಯ. ಬೇಗ ಹತ್ತುತ್ತದೆ, ಆದರೆ ಅಮಲು ಇಳಿಯುತ್ತಿದ್ದ ಹಾಗೆ ರಾತ್ರಿಯ ಎರಡನೆಯ ಭಾಗದಲ್ಲಿ ನಿದ್ದೆ ಒಡೆಯುತ್ತದೆ, ಕನಸು ದಟ್ಟವಾಗುತ್ತದೆ. ಎರಡು ಮೂರು ಗಂಟೆಗೆ ಕಿರುಚಿ ಏಳುತ್ತಾನೆ ಅಂದಿರಲ್ಲ, ಆ ಹೊತ್ತು ಅಂಥದ್ದೇ.

ವೈದ್ಯರು ಸಾಮಾನ್ಯವಾಗಿ ಬರೆಯುವುದು ಸರ್ಟ್ರಲಿನ್‌ನಂಥ ಮಾತ್ರೆ. ದಿನಕ್ಕೆ 25 ಮಿಲಿಗ್ರಾಂನಿಂದ ಶುರು, ಒಂದು ವಾರಕ್ಕೆ 50, ಬೇಕಿದ್ದರೆ ಹಂತ ಹಂತವಾಗಿ 200ರವರೆಗೂ. ಇಲ್ಲಿ ಜನ ಜಾರುವುದು ಮೊದಲ ಹತ್ತು ದಿನದಲ್ಲಿ: ಹೊಟ್ಟೆ ತೊಳಸುತ್ತದೆ, ಚಡಪಡಿಕೆ ಇನ್ನೂ ಒಂದಿಷ್ಟು ಏರುತ್ತದೆ, ಗುಣ ಮಾತ್ರ ಏನೂ ಕಾಣುವುದಿಲ್ಲ. ಗುಣ ಕಾಣಲು ನಾಲ್ಕರಿಂದ ಎಂಟು ವಾರ ಬೇಕು. ಸರಿಯಾದ ಮೇಲೂ ಸುಮಾರು ಒಂದು ವರ್ಷ ಮುಂದುವರಿಸುವುದು ರೂಢಿ. "ಸರಿಯಾಯ್ತಲ್ಲ" ಎಂದು ಮೂರನೇ ತಿಂಗಳಿಗೆ ಬಿಟ್ಟವರಲ್ಲಿ ಮರುಕಳಿಸುವುದು ಹೆಚ್ಚು.

---

ಘಟ್ಟದಮೇಲೆ_ಶಿರಸಿ · ಮೇ 15

ಮಾತ್ರೆ ನೆಲ ಗಟ್ಟಿ ಮಾಡುತ್ತದೆ, ನಡೆಯುವ ಕೆಲಸ ಬೇರೆ. ಪಿಟಿಎಸ್‌ಡಿಗೆ ಮೊದಲ ಚಿಕಿತ್ಸೆ ಆಘಾತವನ್ನೇ ಕೇಂದ್ರವಾಗಿಟ್ಟ ಮಾತಿನ ಚಿಕಿತ್ಸೆ: ಸಾಮಾನ್ಯವಾಗಿ 8ರಿಂದ 15 ಭೇಟಿ, ಒಂದೊಂದು 60ರಿಂದ 90 ನಿಮಿಷ. ಘಟನೆಯನ್ನು ಮೊದಲಿಂದ ಕೊನೆವರೆಗೆ ಈಗ ನಡೆಯುತ್ತಿರುವ ಹಾಗೆ ಹೇಳಿಸುವ ಭಾಗ ತರಬೇತಿ ಇರುವ ಚಿಕಿತ್ಸಕರದ್ದು. ನೀವು ಯಾರೂ ಅದಕ್ಕೆ ಕೈ ಹಾಕಬೇಡಿ. ಊರವರನ್ನೆಲ್ಲ ಸುತ್ತ ಕೂರಿಸಿ "ಏನಾಯ್ತು ಪೂರ್ತಿ ಹೇಳು, ಹಗುರಾಗ್ತದೆ" ಎಂದು ಒಂದೇ ಸಲಕ್ಕೆ ಬಗೆದು ತೆಗೆಯುವ ಪದ್ಧತಿ ಉಪಯೋಗವಿಲ್ಲ, ಕೆಲವರಿಗೆ ಹಾನಿಯೂ ಹೌದು ಎಂದು ಬಹಳ ಹಿಂದೆಯೇ ತೀರ್ಮಾನವಾದದ್ದು.

ಧಕ್ಕೆಯವರು ಮಾಡಬಹುದಾದದ್ದು ಮೆಟ್ಟಿಲು ಕಟ್ಟುವುದು, ಅದೂ ಚಿಕಿತ್ಸಕರ ಗಮನದಲ್ಲಿ. ಬೈಕ್ ಹತ್ತಿಸಿ ತಂದದ್ದರ ದೋಷ ಏನೆಂದರೆ ಮೊದಲ ಮೆಟ್ಟಿಲೇ ಅಟ್ಟದ ಮೇಲಿನದಾಯಿತು, ಅವನನ್ನು ಕೇಳಲೂ ಇಲ್ಲ. ಹೆದರಿಕೆ ತುದಿಗೇರಿದಾಗಲೇ ಮನೆಗೆ ಒಯ್ದರು. ಮೆದುಳಿಗೆ ಸಿಕ್ಕ ಪಾಠ: ಧಕ್ಕೆ ಅಂದರೆ ಸಾವು, ಓಡಿದ್ದಕ್ಕೆ ಬದುಕಿದೆ. ಬೆರಳು ಸೆಟೆದದ್ದು ಫಿಟ್ಸ್ ಇರಲಾರದು. ಗಾಬರಿಯಲ್ಲಿ ಉಸಿರು ವೇಗವಾಗಿ ಬಿಟ್ಟು ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದಾಗ ಬೆರಳು ಜುಮ್ಮೆಂದು ಸೆಟೆಯುತ್ತದೆ, ತುಟಿ ಮರಗಟ್ಟುತ್ತದೆ, ಎದೆ ಬಿಗಿಯುತ್ತದೆ. ಇದನ್ನು ವೈದ್ಯರಿಗೂ ಹೇಳಿ, ಅವನಿಗೂ ವಿವರಿಸಿ. "ಹುಚ್ಚು ಹಿಡೀತಾ ಇದೆ" ಎಂಬ ಎರಡನೆಯ ಹೆದರಿಕೆ ಅರ್ಧ ಅಲ್ಲೇ ಬೀಳುತ್ತದೆ.

ಹೆದರಿಕೆಗೆ ಅವನೇ ಅಂಕ ಕೊಡಲಿ, ಸೊನ್ನೆಯಿಂದ ನೂರು. ಬಲೆ ಎಳೆಯುವ ರಾತ್ರಿ ನೂರು ಅಂತಿಟ್ಟುಕೊಂಡು ಕೆಳಗಿಳಿಯುತ್ತಾ ಬನ್ನಿ. ಗೇಟು ದಾಟಿ ಓಣಿಯ ತುದಿವರೆಗೆ ಹೋಗುವುದು 30 ಇರಬಹುದು. ಫೋನಲ್ಲಿ ಬೋಟಿನ ವಿಡಿಯೋ, ಶಬ್ದ ಇಲ್ಲದೆ 35, ಶಬ್ದದೊಂದಿಗೆ 45. ಸಂಜೆ ಟ್ಯಾಗೋರ್ ಕಡಲತೀರದ ರಸ್ತೆಬದಿ ಕಟ್ಟೆ 50, ಮರಳಿಗಿಳಿದು ಪಾದಕ್ಕೆ ನೀರು ತಾಗುವಷ್ಟು 60. ಜನ ಇಲ್ಲದ ಮಧ್ಯಾಹ್ನ ಧಕ್ಕೆ 65. ಅಲ್ಲೇ ಕೂತು ಹರಿದ ಬಲೆ ಹೆಣೆಯುವುದು ಮುಂದಿನದು. ಇದನ್ನು ನಾನು ಮುಖ್ಯ ಮೆಟ್ಟಿಲು ಎನ್ನುತ್ತೇನೆ, ಯಾಕೆಂದರೆ ಕೈಗೆ ಗೊತ್ತಿರುವ ಕೆಲಸ ಮನಸ್ಸಿಗಿಂತ ಮೊದಲು ಊರಿಗೆ ಮರಳುತ್ತದೆ, ಜೊತೆಗೆ ಕೂಲಿಯೂ ಹುಟ್ಟುತ್ತದೆ. ಆಮೇಲೆ ಕಟ್ಟಿದ ಬೋಟ್ ಹತ್ತುವುದು, ಎಂಜಿನ್ ಚಾಲೂ ಮಾಡಿ ಕೂರುವುದು, ಬಂದರಿನೊಳಗೇ ಒಂದು ಸುತ್ತು, ಹಗಲು ಹೊರಗೆ ಹೋಗಿ ಬರುವುದು, ಹಗಲು ಬಲೆ, ಕೊನೆಗೆ ರಾತ್ರಿ. ಈ ಅಂಕಗಳು ನನ್ನ ಊಹೆ. ಅವನ ಪಟ್ಟಿಯಲ್ಲಿ ವಿಡಿಯೋ 80 ಇದ್ದು ಮರಳು 20 ಇದ್ದರೆ ಅವನದೇ ಸರಿ.

ಶುರು 30–40ರ ಮೆಟ್ಟಿಲಿಂದ. ದಿನಾ, ಕಡಿಮೆ ಎಂದರೆ ವಾರಕ್ಕೆ ಐದು ದಿನ, ಒಂದು ಸಲಕ್ಕೆ 30ರಿಂದ 45 ನಿಮಿಷ. ಹೋಗುವ ಮೊದಲು ಕೇಳಿ: "ಅಲ್ಲಿ ಏನಾಗ್ತದೆ ಅಂತ ನಿಂಗೆ ಅನ್ನಿಸ್ತದೆ?" "ಎಚ್ಚರ ತಪ್ಪಿ ಬೀಳ್ತೇನೆ" ಅನ್ನಬಹುದು. ಬಂದ ಮೇಲೆ ಕೇಳಿ: "ಬಿದ್ಯಾ?" ಎರಡನ್ನೂ ಪುಸ್ತಕದಲ್ಲಿ ಬರೆಯಿರಿ, ನಿಮಗೆ ಲೆಕ್ಕ ಬರೆದು ಅಭ್ಯಾಸ ಇದೆಯಲ್ಲ. ಅಂಕ ಅಲ್ಲೇ ಅರ್ಧಕ್ಕೆ ಇಳಿಯಬೇಕೆಂಬ ಹಟ ಬೇಡ. ಇಳಿದರೆ ಒಳ್ಳೆಯದು, ಇಳಿಯದಿದ್ದರೂ ಅವನು ಅಂದುಕೊಂಡದ್ದು ಆಗಲಿಲ್ಲ ಎಂಬುದೇ ಪಾಠ. ಹೆದರಿಕೆ ತುದಿಯಲ್ಲಿದ್ದಾಗ ಎದ್ದು ಓಡಬಾರದು, ಅಷ್ಟೇ.

ಕೆಡುವುದು ಎಲ್ಲೆಲ್ಲಿ ಎಂದರೆ, ವಾರಕ್ಕೊಂದು ಸಲ ಮಾಡಿದರೆ ಪ್ರತಿ ಸಲವೂ ಮೊದಲನೆಯ ಸಲ. ಹೋಗುವ ಮೊದಲು ಮಾತ್ರೆಯೋ ಪೆಗ್ಗೋ ಹಾಕಿದರೆ ಕೀರ್ತಿ ಅದಕ್ಕೇ ಹೋಗುತ್ತದೆ. ಅಲ್ಲಿ ಕೂತು ಫೋನ್ ನೋಡಿದರೆ ಮೈ ಅಲ್ಲಿ, ಮನಸ್ಸು ಎಲ್ಲೋ. "ಇಷ್ಟು ಆಯ್ತಲ್ಲ, ಬೋಟೂ ಹತ್ತಿಬಿಡು" ಎಂದು ಯಾರಾದರೂ ಹುರಿದುಂಬಿಸಿ ಮೂರು ಮೆಟ್ಟಿಲು ಹಾರಿಸುತ್ತಾರೆ. ಮತ್ತೆ ಯಾರೋ ಅದನ್ನು ವಿಡಿಯೋ ಮಾಡಿ ಗ್ರೂಪಿಗೆ ಹಾಕುತ್ತಾರೆ. ಇದನ್ನು ಮೊದಲೇ ನಿಷೇಧಿಸಿ. ಒಂದು ದಿನ ಕೆಟ್ಟರೆ ಒಂದೇ ಮೆಟ್ಟಿಲು ಕೆಳಗಿಳಿಯಿರಿ, ನೆಲಕ್ಕಲ್ಲ.

ಒಂದು ಎಚ್ಚರ. ಹೆದರಿ ನಡುಗುವುದು ಬೇರೆ, ಕಣ್ಣು ನೆಟ್ಟು ಕರೆದರೂ ಓಗೊಡದೆ ಇರುವುದು ಬೇರೆ. ಎರಡನೆಯದು ಬಂದರೆ ಆವತ್ತಿನ ಅಭ್ಯಾಸ ನಿಲ್ಲಿಸಿ. ಹೆಸರು ಹಿಡಿದು ಕರೆದು ಇವತ್ತಿನ ವಾರ, ಊರು ಹೇಳಿ. ಪಾದ ನೆಲಕ್ಕೊತ್ತಲು ಹೇಳಿ. ಒಣಗಿದ ಮುರುಗಲ ಸಿಪ್ಪೆ ಒಂದು ಚೂರು ಬಾಯಿಗಿಡಿ, ಆ ಹುಳಿ ತಟ್ಟನೆ ಈ ಹೊತ್ತಿಗೆ ಎಳೆದು ತರುತ್ತದೆ. ಆದರೆ ಕಿಸೆಯಲ್ಲಿ ಮುರುಗಲು ಇಲ್ಲದೆ ಹೊರಗೇ ಹೋಗಲಾರೆ ಎಂಬ ಹಂತಕ್ಕೆ ಬಂದರೆ ಅದೂ ಒಂದು ತಾಯಿತವೇ.

ಉಸಿರಿನ ಅಭ್ಯಾಸ: ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ಐದು ನಿಮಿಷ, ದಿನಕ್ಕೆ ಎರಡು ಸಲ. ಶಾಂತವಾಗಿದ್ದಾಗಲೇ ಮಾಡಿ ರೂಢಿಯಾಗಬೇಕು. ಮುಳುಗುವಾಗ ಈಜು ಕಲಿಯಲು ಆಗುವುದಿಲ್ಲ.

---

ಗಂಗಾವಳಿ_ದಂಡೆ · ಮೇ 16

ಮೇಲಿನದಕ್ಕೆ ಒಂದು ಆಕ್ಷೇಪ, ಒಂದು ಸೇರ್ಪಡೆ.

ಆಕ್ಷೇಪ: ಎಲ್ಲ ಹೆದರಿಕೆಯೂ ರೋಗವಲ್ಲ. ಜೂನ್ ಜುಲೈಯ ಕಡಲಿಗೆ ಹೆದರದವನೇ ತಪ್ಪು. ಆದ್ದರಿಂದ ನಿಷೇಧದ 61 ದಿನದಲ್ಲಿ ಮೆಟ್ಟಿಲು ನಿಲ್ಲಬೇಕಾದದ್ದು ಕಟ್ಟಿದ ಬೋಟಿನಲ್ಲಿ. ಕಾಳಿ ಹೊಳೆ ಒಳನೀರು ಎಂದುಕೊಂಡು ಮಳೆಗಾಲದಲ್ಲಿ ಪಾತಿ ದೋಣಿ ಹತ್ತಿಸಬೇಡಿ, ಹೊಳೆಗೂ ಆಗ ಸೆಳೆತ ಇರುತ್ತದೆ. ಮೇ ಕೊನೆಯೊಳಗೆ ನೆಲದ ಮೆಟ್ಟಿಲು, ಮಳೆಗಾಲ ಪೂರ್ತಿ ಬಲೆ ಮತ್ತು ಕಟ್ಟಿದ ಬೋಟ್, ಆಗಸ್ಟ್‌ನಲ್ಲಿ ನೀರು ಹದಕ್ಕೆ ಬಂದ ಮೇಲೆ ಉಳಿದದ್ದು. ಆಗಸ್ಟ್ 1 ಎಂಬ ಗಡುವು ಮಾಲಕರ ಲೆಕ್ಕ. ಅದನ್ನು ಬಿಡಿಸಿ ಕೊಡುವುದು ಸೊಸೈಟಿಯಿಂದ ಆಗುವ ದೊಡ್ಡ ಉಪಕಾರ: ಮುಂಗಡವನ್ನು ಬಲೆ ಹೆಣೆಯುವ, ಐಸ್ ತುಂಬುವ, ದಡದ ಕೆಲಸದ ಕೂಲಿಯಲ್ಲಿ ಕಡಿಯುವಂತೆ ಮಾತಾಡಿ. ಸಾಲ ತಲೆಮೇಲಿದ್ದಾಗ ಮೆಟ್ಟಿಲೂ ಇಲ್ಲ ಏಣಿಯೂ ಇಲ್ಲ.

ಲೈಫ್ ಜಾಕೆಟ್ ಹಾಕುವುದನ್ನು ಯಾರಾದರೂ "ಹೆದರುಪುಕ್ಕಲು" ಎಂದರೆ ಬಾಯಿ ಮುಚ್ಚಿಸಿ. ಅದು ಎಲ್ಲರಿಗೂ ಬೇಕಾದ ನಿಜವಾದ ರಕ್ಷಣೆ. ಕೆಲಸ ಕೆಡಿಸುವುದು ಅವನೊಬ್ಬನೇ ಮಾಡುವ ಹುಸಿ ರಕ್ಷಣೆ: ಇಡೀ ಹೊತ್ತು ಕಟಕಟೆ ಬಿಗಿಹಿಡಿದು ನಿಲ್ಲುವುದು, ಐದೈದು ನಿಮಿಷಕ್ಕೆ ಬೋಟ್ ನಡೆಸುವ ತಾಂಡೇಲನ ಮುಖ ನೋಡುವುದು. ಅವನ್ನು ಒಂದೊಂದಾಗಿ ಬಿಡಿಸಬೇಕು.

ಸೇರ್ಪಡೆ: ತಿಥಿ. ವರ್ಷಾಂತಿಕ ಬಂದಾಗ ಲಕ್ಷಣ ಮರಳುವುದು ಗೊತ್ತಿರುವ ವಿಷಯ, ಆದರೆ ನಮ್ಮಲ್ಲಿ ಅದು ಇಂಗ್ಲಿಷ್ ತಾರೀಕಿಗೆ ಬರುವುದಿಲ್ಲ. ಕಾರವಾರದ ಬಳಿಯ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುವ ದೋಣಿ ಮಗುಚಿದ್ದು 2019ರ ಜನವರಿ 21. ಅದರಲ್ಲಿ ಸಿಕ್ಕವರ ಮನೆಗಳಿಗೆ ಜನವರಿ 21ಕ್ಕಿಂತ ಪುಷ್ಯದ ಹುಣ್ಣಿಮೆ, ಜಾತ್ರೆಯ ದಿನ, ಭಾರ. ಅಂಕೋಲಾದ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು, ಮಣ್ಣು ಗಂಗಾವಳಿ ಹೊಳೆಗೆ ಬಿದ್ದು, ನೀರು ಎದ್ದು ಆಚೆ ದಡದ ಉಳುವರೆಗೆ ಬಡಿಯಿತು. ಅಂಥ ಕಡೆ ಹೆದರಿಕೆಗೆ ತಾರೀಕೂ ಬೇಡ, ತಿಥಿಯೂ ಬೇಡ, ಆಷಾಢದ ಮಳೆ ತಗಡಿನ ಮೇಲೆ ಎಡೆಬಿಡದೆ ಬಿದ್ದರೆ ಸಾಕು. ಅಲ್ಲಿ "ಮಳೆಯಲ್ಲೂ ಅದೇ ಮನೆಯಲ್ಲಿ ಮಲಗಿ ಧೈರ್ಯ ಕಲಿ" ಎನ್ನುವಂತಿಲ್ಲ. ಗುಡ್ಡ ಅಪಾಯದ್ದೆಂದು ಗುರುತಾಗಿದ್ದರೆ ಮೊದಲು ಜಾಗ ಬದಲಾಗಬೇಕು, ಚಿಕಿತ್ಸೆ ಆಮೇಲೆ. ಗಟ್ಟಿ ಜಾಗದಲ್ಲಿ ಮಲಗಿದ್ದರೂ ರಾತ್ರಿಯೆಲ್ಲ ಕಾವಲು ಕೂರುವವನಿಗೆ ಮಾತ್ರ ಮೇಲಿನ ಮೆಟ್ಟಿಲು.

ನಿಮ್ಮ ಹುಡುಗನಿಗೆ ನೂಲ ಹುಣ್ಣಿಮೆಯನ್ನು ಲೆಕ್ಕದಲ್ಲಿಡಿ. ಕಡಲಿಗೆ ತೆಂಗಿನಕಾಯಿ ಬಿಡುವ ದಿನ ಎಲ್ಲರೂ ದಡದಲ್ಲಿರುತ್ತಾರೆ. ಹೊಂದಿದರೆ ಅದೇ ಒಂದು ಮೆಟ್ಟಿಲಾಗಬಹುದು. ಸಿದ್ಧತೆ ಇಲ್ಲದೆ ಗುಂಪಲ್ಲಿ ತಳ್ಳಿದರೆ ಬೈಕಿನ ಕಥೆಯೇ.

---

ಧಕ್ಕೆಲೆಕ್ಕ · ಮೇ 29

ಕ್ರಿಮ್ಸ್‌ಗೆ ಎರಡು ಸಲ ಹೋಗಿ ಬಂದಾಯ್ತು. ಪಿಟಿಎಸ್‌ಡಿ ಅಂದರು. ಹಳೇ ಮಾತ್ರೆ ಇಳಿಸುತ್ತಿದ್ದಾರೆ, ಸರ್ಟ್ರಲಿನ್ ಶುರು. ಮಾಲಕರ ಜೊತೆ ಮಾತು ಅರ್ಧ ಆಗಿದೆ.

ಎರಡು ಹೊಸ ವಿಷಯ. ಟ್ಯಾಗೋರ್ ಕಡಲತೀರದ ಕಟ್ಟೆಯಲ್ಲಿ ಆರಾಮಾಗಿ ಕೂರುತ್ತಾನೆ, 15 ಅಂತ ಅಂಕ ಕೊಟ್ಟ! ನೀರಿಗೆ ಅಷ್ಟೇನೂ ಹೆದರಿಕೆ ಇಲ್ಲ. ಆದರೆ ಮೊನ್ನೆ ಮನೆಗೆ ಹೊಸ ಮಿಕ್ಸಿ ಬಂತು. ಪೆಟ್ಟಿಗೆಯಿಂದ ಥರ್ಮಾಕೋಲ್ ಎಳೆಯುವಾಗ ಕಿರ್ ಅಂತ ಸದ್ದಾಯ್ತು ನೋಡಿ, ಅದೇ ಬೆವರು, ಅದೇ ಬೆರಳು. ಕೇಳಿದರೆ ಹೇಳಿದ: ಮೂರು ತಾಸು ಹಿಡಿದು ತೇಲಿದ್ದು ಐಸ್ ಪೆಟ್ಟಿಗೆಯ ಥರ್ಮಾಕೋಲ್ ಮುಚ್ಚಳವನ್ನಂತೆ. ಧಕ್ಕೆಯಲ್ಲಿ ಮೀನು ಇಳಿಸುವಲ್ಲಿ ಇಡೀ ದಿನ ಆ ಪೆಟ್ಟಿಗೆಗಳೇ ಉಜ್ಜಾಡುವುದು.

ಎರಡನೆಯದು, ಮುಚ್ಚಳದ ಇನ್ನೊಂದು ತುದಿ ಹಿಡಿದಿದ್ದವನು ತೀರಿಕೊಂಡವನು. "ನಾನು ಕೈ ಚಾಚಲಿಲ್ಲ" ಅಂತಾನೆ. "ನಿನ್ನ ತಪ್ಪಿಲ್ಲ ಬಿಡು" ಅಂದೆವು, ಮಾತೇ ನಿಲ್ಲಿಸಿಬಿಟ್ಟ. ಎಂತ ಹೇಳುವುದು? ಮತ್ತೆ ಕನಸಿಗೆ ಏನಾದರೂ ಇದೆಯಾ?

---

ಘಟ್ಟದಮೇಲೆ_ಶಿರಸಿ · ಮೇ 30

ಥರ್ಮಾಕೋಲ್ ಸಿಕ್ಕಿದ್ದು ದೊಡ್ಡದು, ಇದನ್ನು ಚಿಕಿತ್ಸಕರಿಗೆ ಇದ್ದ ಹಾಗೇ ಹೇಳಿ. ಆಘಾತದ ನೆನಪು ತಾರೀಕು ಹಚ್ಚಿಕೊಂಡು ಕೂತಿರುವುದಿಲ್ಲ. ಸದ್ದು, ವಾಸನೆ, ಬೆರಳ ಕೆಳಗಿನ ಸ್ಪರ್ಶ ಇಂಥ ಚೂರುಗಳಾಗಿ ಇರುತ್ತದೆ. ಹೊಂದುವ ಚೂರು ಎದುರಾದರೆ ಅದು ನೆನಪು ಅನ್ನಿಸುವುದಿಲ್ಲ, ಈಗಲೇ ಆಗುತ್ತಿದೆ ಅನ್ನಿಸುತ್ತದೆ. ಹಾಗಾಗಿ ಮೆಟ್ಟಿಲು ನೀರಿನ ಮೇಲಲ್ಲ, ಥರ್ಮಾಕೋಲಿನ ಮೇಲೆ ಕಟ್ಟಬೇಕು.

ಬಟ್ಟೆ ಸುತ್ತಿದ ತುಂಡು ಕೋಣೆಯ ಆಚೆ ಮೂಲೆಯಲ್ಲಿ. ಆಮೇಲೆ ಮೇಜಿನ ಮೇಲೆ, ಬಟ್ಟೆ ಇಲ್ಲದೆ. ಪಕ್ಕದ ಕೋಣೆಯಲ್ಲಿ ಬೇರೆಯವರು ಒಂದೇ ಸಲ ಉಜ್ಜುವುದು, ಮೊದಲೇ ಹೇಳಿ. ಆಮೇಲೆ ಅವನೇ ಉಜ್ಜುವುದು. ಸದ್ದಿನ ಕೀಲಿ ತನ್ನ ಕೈಯಲ್ಲಿದ್ದರೆ ಅಂಕ ಬೇಗ ಬೀಳುತ್ತದೆ. ಒಣಗಿದ ತುಂಡಾದ ಮೇಲೆ ಒದ್ದೆಯದು, ಆಮೇಲೆ ಮೀನಿನ ವಾಸನೆ ಇರುವ ಹಳೇ ಪೆಟ್ಟಿಗೆ. ಪ್ರತಿ ಹೆಜ್ಜೆಯಲ್ಲೂ ಬಾಯಿಬಿಟ್ಟು ಹೇಳಿಸಿ: ಆಗ ರಾತ್ರಿ, ಈಗ ಮಧ್ಯಾಹ್ನ. ಆಗ ಬಾಯಲ್ಲಿ ಉಪ್ಪುನೀರು, ಈಗ ಚಾ. ಆಗ ಕಾಲ ಕೆಳಗೆ ಏನೂ ಇರಲಿಲ್ಲ, ಈಗ ನೆಲ. ಸದ್ದು ಒಂದೇ, ಉಳಿದದ್ದೆಲ್ಲ ಬೇರೆ. ಈ ವ್ಯತ್ಯಾಸ ಎಣಿಸುವುದೇ ಇಲ್ಲಿ ಔಷಧ.

"ನಿನ್ನ ತಪ್ಪಿಲ್ಲ ಬಿಡು" ಎಂದಾಗ ಮಾತು ನಿಂತದ್ದು ಸಹಜ. ಅವನಿಗೆ ಕೇಳಿಸುವುದು "ಆ ಕಥೆ ನಮಗೆ ಬೇಡ" ಎಂದು. ತೀರ್ಪು ಕೊಡದೆ ಕೇಳಿ, ಅಷ್ಟು ಸಾಕು. ಚಿಕಿತ್ಸಕರು ಮಾಡುವ ಒಂದು ಕ್ರಮ ಹೇಳುತ್ತೇನೆ, ಏನು ನಡೆಯುತ್ತಿದೆ ಎಂದು ನಿಮಗೆ ತಿಳಿದಿರಲಿ. ಹಾಳೆಯಲ್ಲಿ ರೊಟ್ಟಿಯ ಹಾಗೆ ಒಂದು ವೃತ್ತ. ಆ ಸಾವಿಗೆ ಕಾರಣವಾದದ್ದೆಲ್ಲ ಅವನೇ ಪಟ್ಟಿ ಮಾಡಬೇಕು: ಒಂದೇ ಮಗ್ಗುಲಿಗೆ ಬಿದ್ದ ಬಲೆಯ ಭಾರ, ಕತ್ತಲೆ, ಜಾಕೆಟ್ ಇಲ್ಲದಿದ್ದದ್ದು, ಗಾಳಿ, ಸಹಾಯ ಬರಲು ಹಿಡಿದ ಹೊತ್ತು, ಅವನ ಮೈಯ ದಣಿವು. ಒಂದೊಂದಕ್ಕೂ ರೊಟ್ಟಿಯಲ್ಲಿ ಎಷ್ಟು ತುಂಡು ಎಂದು ಅವನೇ ಕತ್ತರಿಸಬೇಕು. ತನ್ನ ಪಾಲು ಕೊನೆಯಲ್ಲಿ, ಉಳಿದ ಜಾಗದಲ್ಲಿ. ಈ ಕ್ರಮ ತಪ್ಪಿ ತನ್ನ ಪಾಲು ಮೊದಲು ಬರೆದರೆ ಮುಕ್ಕಾಲು ರೊಟ್ಟಿ ಅಲ್ಲೇ ಹೋಗಿಬಿಡುತ್ತದೆ. ಇನ್ನೊಂದು ಹಾಳೆಯಲ್ಲಿ ಎರಡು ಕಾಲಂ: ಆ ಕ್ಷಣ ಗೊತ್ತಿದ್ದದ್ದು, ಈಗ ಗೊತ್ತಿರುವುದು. ಮೂರು ತಾಸಿನ ಕೊನೆಗೆ ಸಹಾಯ ಬರುತ್ತದೆ ಎನ್ನುವುದು ಎರಡನೆಯ ಕಾಲಮಿನದು. ಕೈ ಚಾಚುವ ಶಕ್ತಿ ಆಗ ಉಳಿದಿತ್ತಾ ಎಂಬ ಪ್ರಶ್ನೆಗೆ ಉತ್ತರ ಅವನ ಬಾಯಿಂದಲೇ ಬರಬೇಕು, ನಿಮ್ಮಿಂದಲ್ಲ. ತೀರಿಕೊಂಡವನ ಮನೆಯ ಓಣಿ ಈ ಕೆಲಸ ಆದ ಮೇಲಿನ ಮೆಟ್ಟಿಲು, ಆ ಮನೆಯವರ ಒಪ್ಪಿಗೆ ಕೇಳಿಕೊಂಡು.

ಕನಸಿಗೆ: ಹಗಲು ಹೊತ್ತು, ಸ್ವಲ್ಪ ಹಗುರವಾದ ಒಂದು ಕೆಟ್ಟ ಕನಸನ್ನು ಆರಿಸಿ ಬರೆಯಲಿ ಅಥವಾ ಫೋನಿಗೆ ಹೇಳಲಿ, ಕೊಂಕಣಿಯಲ್ಲೇ ಇರಲಿ. ಅದರ ನಡುವೆ ಎಲ್ಲಾದರೂ ಕಥೆ ತಿರುಗಿಸಲಿ: ಮುಚ್ಚಳ ದಡಕ್ಕೆ ತಾಗಿತು, ಬೆಳಕಾಯಿತು, ಅವನಿಗೆ ಹೊಂದುವ ಏನಾದರೂ. ಈ ಹೊಸ ಆವೃತ್ತಿಯನ್ನು ದಿನಕ್ಕೆ 10ರಿಂದ 20 ನಿಮಿಷ ಕಣ್ಮುಚ್ಚಿ ಮನಸ್ಸಲ್ಲಿ ಓಡಿಸಬೇಕು. ಮೊದಲ ಪ್ರಯತ್ನಕ್ಕೇ ಭಯಾನಕವಾದದ್ದನ್ನು ಆರಿಸಿದರೆ ರಾತ್ರಿ ಇನ್ನೂ ಕೆಡುತ್ತದೆ. ಮಲಗುವ ಹೊತ್ತು ಹೇಗಿದ್ದರೂ ಏಳುವ ಹೊತ್ತು ದಿನಾ ಒಂದೇ ಇರಲಿ.

---

ಕಾಳಿತೀರ_ಶುಶ್ರೂಷೆ · ಮೇ 30

ಕಿರುಚಿ ಏಳುವಾಗ ಮನೆಯವರು ಏನು ಮಾಡಬೇಕು ಎನ್ನುವುದನ್ನು ಯಾರೂ ಹೇಳಲಿಲ್ಲ. ಭುಜ ಹಿಡಿದು ಅಲುಗಾಡಿಸಬೇಡಿ, ಮೈಮೇಲೆ ಬಾಗಬೇಡಿ. ಅವನ ಮಟ್ಟಿಗೆ ಅದು ನೀರಲ್ಲಿ ಯಾರೋ ಹಿಡಿದು ಎಳೆದ ಹಾಗೆ, ಕೈ ಬೀಸಿ ಹೊಡೆತ ಬೀಳಬಹುದು. ಕಾಲಿನ ಕಡೆ ಎರಡು ಮಾರು ದೂರ ನಿಂತು ಮೊದಲು ದೀಪ ಹಾಕಿ. ಮೆಲ್ಲಗೆ ಹೆಸರು ಕರೆದು, ಯಾರು ಮಾತಾಡುತ್ತಿರುವುದು, ಇದು ಯಾವ ಕೋಣೆ ಎಂದು ಎರಡು ಮೂರು ಸಲ ಹೇಳಿ. ಅವನೇ ಎದ್ದು ಕೂತ ಮೇಲೆ ನೀರು ಕೊಡಿ, ಒದ್ದೆ ಅಂಗಿ ಬದಲಿಸಲಿ. ಕನಸು ಏನಿತ್ತು ಎಂದು ಆಗ ಕೇಳಬೇಡಿ. ಇಪ್ಪತ್ತು ನಿಮಿಷಕ್ಕೂ ನಿದ್ದೆ ಹತ್ತದಿದ್ದರೆ ಹಾಸಿಗೆ ಬಿಟ್ಟು ಜಗಲಿಗೆ ಬಂದು ಕೂರಲಿ, ಕಣ್ಣು ಎಳೆದಾಗ ಮರಳಲಿ. ಒಂದೇ ಕೋಣೆಯಲ್ಲಿ ಮಕ್ಕಳು ಮಲಗುತ್ತಿದ್ದರೆ ಅವರಿಗೂ ಹಗಲಲ್ಲಿ ಎರಡು ಮಾತು ಹೇಳಿಡಿ: ಅಪ್ಪನಿಗೆ ಕನಸು ಬೀಳ್ತದೆ, ಬೈತಾ ಇರೋದು ನಿಮಗಲ್ಲ.

ಮತ್ತೆ ಆ ಮಿಕ್ಸಿಯ ಥರ್ಮಾಕೋಲ್ ಬಿಸಾಡಬೇಡಿ. ಮುಂದಿನ ವಾರಕ್ಕೆ ಅದೇ ಬೇಕು.